ಹಳೆಯ ಬೆಂಜ್ ಡಬ್ಲ್ಯೂ211: ಪಾರ್ಟ್ ಬಿಚ್ಚುವ ಮೊದಲು ನೋಡಬೇಕಾದವು

ಡಬ್ಲ್ಯೂ211 ಅಂದರೆ 2002ರಿಂದ 2009ರವರೆಗೆ ತಯಾರಾದ ಮರ್ಸಿಡಿಸ್ ಇ-ಕ್ಲಾಸ್. ಇ200 ಕಂಪ್ರೆಸರ್, ಇ220 ಸಿಡಿಐ, ಇ280, ಇ280 ಸಿಡಿಐ ಅಂತ ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿರುವ ಈ ಗಾಡಿಗಳು ಈಗ ಹೊಸ ಸಣ್ಣ ಹ್ಯಾಚ್‌ಬ್ಯಾಕಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಇಳಿದದ್ದು ಗಾಡಿಯ ಬೆಲೆ ಮಾತ್ರ, ಸ್ಪೇರಿನ ಬೆಲೆ ಇಳಿದಿಲ್ಲ. ಕೆಲಸ ಕಲಿಯುವ ಹುಡುಗರಿಗೂ ಗಾಡಿ ಇಟ್ಟುಕೊಂಡವರಿಗೂ ಮೊದಲು ಹೇಳಬೇಕಾದ್ದು ಒಂದೇ: ಇದರ ಮೇಲೆ ಸುರಿಯುವ ದುಡ್ಡಿನ ದೊಡ್ಡ ಪಾಲು ಕೆಟ್ಟಿರದ ಪಾರ್ಟ್ ಬದಲಿಸುವುದಕ್ಕೇ ಹೋಗುತ್ತದೆ. ಸ್ಕ್ಯಾನರ್ ಹಾಕಿದರೆ ದೋಷ ಸೂಚಿಸುವ ಹದಿನೈದು ಕೋಡ್ ಬರುತ್ತವೆ. ಆ ಪಟ್ಟಿ ಹಿಡಿದು ಸ್ಪೇರ್ ಅಂಗಡಿಗೆ ಹೋದವನು ಸೋತ ಹಾಗೆಯೇ.

ಕೋಡ್ ಓದುವ ಮುಂಚೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಈ ಗಾಡಿಯ ಮುಖ್ಯ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯ ನೆಲದ ಕೆಳಗೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ಇರಬೇಕು. 12.4ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಸ್ಟಾರ್ಟ್ ಮಾಡುವಾಗ 9.6ರ ಕೆಳಗೆ ಕುಸಿದರೆ ಬ್ಯಾಟರಿಯನ್ನು ಲೋಡ್ ಟೆಸ್ಟ್ ಮಾಡಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ನಿಲ್ಲಬೇಕು. ಇಷ್ಟಕ್ಕೇ ಬಿಡಬೇಡಿ. ಸ್ಟಾರ್ಟರ್ ತಿರುಗುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬಾಡಿಗೂ ಇಟ್ಟು ನೋಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಅರ್ಥಿಂಗ್ ಪಟ್ಟಿ ಸರಿಯಿಲ್ಲ. ವೋಲ್ಟೇಜ್ ಕುಸಿದ ಆ ಒಂದು ಕ್ಷಣದಲ್ಲಿ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಗೇರ್ ಯೂನಿಟ್ ಎಲ್ಲವೂ ತಮ್ಮ ತಮ್ಮ ಕೋಡ್ ಬರೆದಿಡುತ್ತವೆ. ಬ್ಯಾಟರಿ ಮತ್ತು ಅರ್ಥಿಂಗ್ ಸರಿಮಾಡಿ, ಕೋಡ್ ಅಳಿಸಿ, ಗಾಡಿ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಆಗಲೂ ಉಳಿದದ್ದನ್ನು ಮಾತ್ರ ನಂಬಿ.

ಬ್ಯಾಟರಿ ಹಾಕುವಾಗ ಎಜಿಎಂ (ಆ್ಯಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಡುವ) ಮಾದರಿಯದನ್ನೇ ಹಾಕಿ, 95 ಆಂಪಿಯರ್-ಅವರ್‌ನದು ಸಾಮಾನ್ಯ. ಅದರ ಗಾಳಿಕೊಳವೆಯನ್ನು ಮರೆಯದೆ ಜೋಡಿಸಿ. ಡಿಕ್ಕಿಯೊಳಗೆ ಕೂತಿರುವ ಬ್ಯಾಟರಿಯ ಅನಿಲ ಹೊರಗೆ ಹೋಗಲೇಬೇಕು. ಅದೇ ಕಾಲದ ಕೆಲವು ಬಿಎಂಡಬ್ಲ್ಯೂಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಲ್ಲಿ ನೋಂದಾಯಿಸಬೇಕಾಗುತ್ತದೆ, ಇಲ್ಲಿ ಆ ತಲೆನೋವಿಲ್ಲ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ ಅನ್ನುವ ದೂರು ಬಂದರೆ ಫ್ಯೂಸ್ ಒಂದೊಂದಾಗಿ ಕೀಳಬೇಡಿ. ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಎಲೆಕ್ಟ್ರಾನಿಕ್ ಯೂನಿಟ್ ಎಚ್ಚರಾಗಿ ಲೆಕ್ಕವೆಲ್ಲ ತಪ್ಪುತ್ತದೆ. ಬಾನೆಟ್, ಬಾಗಿಲು, ಡಿಕ್ಕಿ ತೆರೆದಿಟ್ಟು, ಎಲ್ಲ ಮುಚ್ಚಿದೆ ಅಂತ ಗಾಡಿ ತಿಳಿಯುವಂತೆ ಅವುಗಳ ಲಾಕನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿ, ಕೀಯನ್ನು ದೂರ ಇಟ್ಟು ಅರ್ಧ ಗಂಟೆಯಾದರೂ ಕಾಯಿರಿ. ಆಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ ಡಿಸಿ ಕ್ಲಾಂಪ್ ಮೀಟರಿನಲ್ಲಿ (ತಂತಿಯ ಸುತ್ತ ಹಿಡಿದು ಅಳೆಯುವ ಮೀಟರ್) 50 ಮಿಲಿಆಂಪಿಯರಿನ ಒಳಗೆ ಬಂದಿರಬೇಕು. ಬಂದಿರದಿದ್ದರೆ ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆಗಳಿಗೆ ಮೀಟರ್ ಇಟ್ಟು ಮಿಲಿವೋಲ್ಟ್ ಓದಿ. ಸೊನ್ನೆ ತೋರಿಸದ ಫ್ಯೂಸಿನ ದಾರಿಯಲ್ಲೇ ಕಳ್ಳನಿದ್ದಾನೆ.

ಇನ್ನು ಎಣ್ಣೆ. ತಂತಿಯೊಳಗಿನ ತಾಮ್ರದ ಎಳೆಗಳ ನಡುವೆ ಎಣ್ಣೆ ದೀಪದ ಬತ್ತಿಯಲ್ಲಿ ಏರುವಂತೆಯೇ ಏರುತ್ತದೆ. ಈ ಗಾಡಿಯಲ್ಲಿ ಅದು ಎರಡು ಕಡೆ ಆಗುತ್ತದೆ, ಎರಡೂ ಕಡೆ ದುಬಾರಿ ಪಾರ್ಟಿನ ಮೇಲೆ ತಪ್ಪು ಹೊರಿಸಲಾಗುತ್ತದೆ.

ಮೊದಲನೆಯದು 722.6 ಎಂಬ ಐದು ಗೇರಿನ ಆಟೊಮ್ಯಾಟಿಕ್ ಬಾಕ್ಸ್ (ಎಲ್ಲ ಡಬ್ಲ್ಯೂ211ಗಳಲ್ಲೂ ಇದೇ ಬಾಕ್ಸ್ ಇಲ್ಲ). ಅದರ ಬಲಬದಿಯಲ್ಲಿ, ಆಯಿಲ್ ಪ್ಯಾನಿನ ಸ್ವಲ್ಪ ಮೇಲೆ 13 ಪಿನ್ನಿನ ದುಂಡನೆಯ ಪ್ಲಗ್ ಇದೆ. ಪ್ಲಗ್ ಕೂರುವ ಪ್ಲಾಸ್ಟಿಕ್ ತೋಳಿನ ಓರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿ ಗಟ್ಟಿಯಾದರೆ ಗೇರ್ ಆಯಿಲ್ ಪ್ಲಗ್ಗಿನೊಳಗೆ ಬಂದು, ವೈರಿಂಗ್ ಹಿಡಿದು ಗೇರ್ ಕಂಪ್ಯೂಟರಿನವರೆಗೂ ಏರುತ್ತದೆ. ಆಗ ಗೇರ್ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ. ಗಾಡಿ ನಿಲ್ಲಿಸಿ, ಪಿ-ಗೆ ಹಾಕಿ, ಇಗ್ನಿಷನ್ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. "ಗೇರ್ ಬಾಕ್ಸ್ ಹೋಗಿದೆ ಸಾರ್, ಓವರ್‌ಹಾಲ್ ಮಾಡಬೇಕು" ಅನ್ನುವ ಮಾತು ಬರುವುದು ಇಲ್ಲಿಯೇ. ಪ್ಲಗ್ಗಿನ ಉಂಗುರ ತಿರುಗಿಸಿ ಎಳೆದು, ಒಳಗೆ ಬಿಳಿ ಬಟ್ಟೆ ಒತ್ತಿ ನೋಡಿ. ಒದ್ದೆಯಿದ್ದರೆ ತೋಳು ಬದಲಿಸಿ, ಅದರ ನಂಬರ್ ಎ203 540 02 53. ಅಷ್ಟೊಂದು ಸಣ್ಣ ಪಾರ್ಟ್. ಕಂಪ್ಯೂಟರಿನ ತುದಿಯನ್ನೂ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಏರಿದ ಎಣ್ಣೆ ಕೆಲವು ದಿನ ಇಳಿಯುತ್ತಲೇ ಇರುತ್ತದೆ, ಒಂದೆರಡು ವಾರದ ನಂತರ ಮತ್ತೊಮ್ಮೆ ತೊಳೆಯಬೇಕಾಗಬಹುದು. ಪ್ಲಗ್ ಒಣಗಿದ್ದು ವೇಗದ ಸೆನ್ಸರಿನ ಕೋಡ್ ಮತ್ತೆ ಮತ್ತೆ ಬಂದರೆ ಒಳಗಿನ ಕಂಡಕ್ಟರ್ ಪ್ಲೇಟ್ (ಆ ಸೆನ್ಸರುಗಳಿರುವ ತಟ್ಟೆ) ನೋಡಬೇಕು. ಅದಕ್ಕೂ ಬಾಕ್ಸ್ ಇಳಿಸಬೇಕಿಲ್ಲ, ಪ್ಯಾನ್ ತೆಗೆದರೆ ಸಾಕು.

ಪ್ಯಾನ್ ತೆಗೆದಾಗ ಇಳಿಯುವುದು ಸುಮಾರು 4 ಲೀಟರ್, ಉಳಿದದ್ದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ನಿಂತಿರುತ್ತದೆ. ಕನ್ವರ್ಟರಿಗೆ ಡ್ರೈನ್ ಬೋಲ್ಟ್ ಇಲ್ಲದ ಗಾಡಿಯಾದರೆ ಒಮ್ಮೆ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಇನ್ನೊಮ್ಮೆ ಬದಲಿಸುವುದು ಒಳ್ಳೆಯದು. ಆಯಿಲ್ ಮರ್ಸಿಡಿಸ್‌ನ ಎಂಬಿ 236.14 ದರ್ಜೆಯದೇ ಇರಲಿ. ಪ್ಯಾನಿನ ಬೋಲ್ಟಿಗೆ 8 ನ್ಯೂಟನ್-ಮೀಟರ್ ಸಾಕು, ಬಲ ಹಾಕಿ ಬಿಗಿದರೆ ಪ್ಯಾನ್ ಸೊಟ್ಟಗಾಗಿ ಸೋರುತ್ತದೆ. ಕಂಪನಿಯಿಂದ ಡಿಪ್‌ಸ್ಟಿಕ್ ಬರುವುದಿಲ್ಲ, ಬೇರೆ ಅಳತೆಕಡ್ಡಿ ತರಬೇಕು. ಆಯಿಲ್ 80 ಡಿಗ್ರಿ ಮುಟ್ಟಿದಾಗ, ಎಂಜಿನ್ ಓಡುತ್ತಿರುವಾಗ, ಪಿ-ಯಲ್ಲಿ ಅಳೆಯುವುದು. ಹೆಚ್ಚಾದರೆ ನೊರೆಯೆದ್ದು ಕಡಿಮೆಯಾದಷ್ಟೇ ಹಾನಿ. "ಲೈಫ್‌ಟೈಮ್ ಆಯಿಲ್" ಅನ್ನುವ ಮಾತನ್ನು ಇಷ್ಟು ವಯಸ್ಸಾದ ಗಾಡಿಯ ಮುಂದೆ ಯಾರೂ ಆಡದಿದ್ದರೆ ಚೆನ್ನ.

ಇನ್ನೊಂದು ಕಡೆ, ಪೆಟ್ರೋಲ್ ಎಂಜಿನ್ನುಗಳಲ್ಲಿ ಕ್ಯಾಮ್ ಶಾಫ್ಟಿನ (ವಾಲ್ವ್ ತೆರೆದು ಮುಚ್ಚುವ ದಂಡ) ಟೈಮಿಂಗ್ ಹೊಂದಿಸುವ ಮ್ಯಾಗ್ನೆಟ್. ಅದರ ಸೀಲು ಸೋತರೆ ಎಂಜಿನ್ ಆಯಿಲ್ ವೈರಿಂಗಿನಲ್ಲಿ ಏರುತ್ತದೆ. ಪ್ಲಗ್ ಎಳೆದು ನೋಡಿ, ಒದ್ದೆಯಿದ್ದರೆ ಮ್ಯಾಗ್ನೆಟ್ ಬದಲಿಸಿ, ನಡುವೆ ಹಾಕುವ ಎಣ್ಣೆ ತಡೆಯುವ ತುಂಡು ವೈರೂ ಸಿಗುತ್ತದೆ. ಆದರೆ ಇ200ರ ಎಂ271 ಎಂಜಿನ್ನಿನಲ್ಲಿ ಕ್ಯಾಮ್ ಕೋಡ್ ಬಂದು, ತಣ್ಣಗಿದ್ದಾಗ ಚೈನಿನ ಸದ್ದೂ ಕೇಳಿದರೆ ಟೈಮಿಂಗ್ ಚೈನ್ ಉದ್ದವಾಗಿರಬಹುದು. ಇ280, ಇ350ಗಳ ಎಂ272ದಲ್ಲಿ 1200, 1208 ಕೋಡ್ ಬಂದರೆ ಬ್ಯಾಲೆನ್ಸ್ ಶಾಫ್ಟಿನ ಹಲ್ಲು ಸವೆದಿರುವ ಸಾಧ್ಯತೆ ಇದೆ. ಆ ಕೆಲಸಕ್ಕೆ ಎಂಜಿನ್ ಇಳಿಸಬೇಕು. ಕೊಳ್ಳುವ ಮೊದಲೇ ಇದು ಗೊತ್ತಾದರೆ ಆ ಗಾಡಿಗೆ ಕೈ ಮುಗಿದು ಬನ್ನಿ.

ಇ280 ಸಿಡಿಐಯ ಓಎಂ642 ವಿ6 ಡೀಸೆಲ್ ಗಟ್ಟಿ ಎಂಜಿನ್, ಒಂದು ಕೆಟ್ಟ ಚಾಳಿ ಇದೆ. ಆಯಿಲ್ ಕೂಲರ್ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕೂತಿದೆ. ಅದರ ಸೀಲು ಬಿಸಿಗೆ ಗಟ್ಟಿಯಾಗಿ ಸೋರಿದರೆ ಎಣ್ಣೆ ಹಿಂದಕ್ಕೆ ಹರಿದು ಎಂಜಿನ್-ಗೇರ್ ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಮೇಲಿಂದ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವನಿಗೆ ಕ್ರ್ಯಾಂಕಿನ ಹಿಂದಿನ ಸೀಲು ಹೋದಂತೆಯೇ ಕಾಣುತ್ತದೆ. ಗೇರ್ ಬಾಕ್ಸ್ ಇಳಿಸಿ ಸೀಲು ಹಾಕಿದ ಮೇಲೂ ಸೋರಿಕೆ ನಿಲ್ಲುವುದಿಲ್ಲ. ಎಂಜಿನ್ ತೊಳೆದು, ಆಯಿಲಿಗೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿ, ನೂರಿನ್ನೂರು ಕಿಲೋಮೀಟರ್ ಓಡಿಸಿ, ಕಣಿವೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ. ಕಾರಣ ಕೂಲರೇ ಆದರೆ ಟರ್ಬೊ, ಇಂಟೇಕ್ ಮ್ಯಾನಿಫೋಲ್ಡ್ ಎಲ್ಲ ತೆಗೆಯಬೇಕು, ಕೂಲಿಯೇ ದೊಡ್ಡದು, ಸೀಲಿಗೆ ಬೆಲೆಯೇ ಇಲ್ಲ. ಹಾಗಾಗಿ ಹಳೆಯ ಕಿತ್ತಳೆ ಬಣ್ಣದ ಸೀಲಿನ ಜಾಗಕ್ಕೆ ನಂತರ ಬಂದ ನೇರಳೆ ಬಣ್ಣದ ವೈಟಾನ್ (ಬಿಸಿ ತಡೆಯುವ ರಬ್ಬರ್) ಸೀಲನ್ನೇ ಹಾಕಿ. ಟರ್ಬೊ ಬಾಯಿಯ ಬ್ರೀದರ್ (ಎಂಜಿನ್ನೊಳಗಿನ ಹೊಗೆ ಹೊರಬಿಡುವ ಕೊಳವೆ) ಸೀಲನ್ನೂ ಆಗಲೇ ಬದಲಿಸಿ. ಅಲ್ಲಿಂದ ತೊಟ್ಟಿಕ್ಕುವ ಎಣ್ಣೆಯೇ ಕೆಳಗಿನ ಸ್ವರ್ಲ್ ಫ್ಲಾಪ್ (ಒಳಹೋಗುವ ಗಾಳಿಯನ್ನು ಸುಳಿಯಾಗಿಸುವ ರೆಕ್ಕೆ) ಮೋಟರನ್ನು ಕೊಲ್ಲುವುದು. ಮೋಟರಿನ ಬದಲು ರೆಸಿಸ್ಟರ್ ಸಿಕ್ಕಿಸಿ ಕೋಡ್ ಅಡಗಿಸುವ ಉಪಾಯ ಎಲ್ಲೆಡೆ ಇದೆ. ಕೋಡ್ ಅಡಗುತ್ತದೆ, ಫ್ಲಾಪ್ ಕೆಲಸ ಮಾಡುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ಹುಡುಗರಿಗೆ ಗಟ್ಟಿಯಾಗಿಯೇ ಹೇಳಬೇಕು. 2006ರ ಫೇಸ್‌ಲಿಫ್ಟಿಗೆ (ನಡುವೆ ಬಂದ ಪರಿಷ್ಕೃತ ಮಾದರಿ) ಮುಂಚಿನ ಗಾಡಿಗಳಲ್ಲಿ ಎಸ್‌ಬಿಸಿ ಎಂಬ, ವಿದ್ಯುತ್ ಪಂಪ್ ಒತ್ತಡ ಕೊಡುವ ಬ್ರೇಕ್ ಇದೆ. ಬಾಗಿಲು ತೆರೆದರೂ, ರಿಮೋಟ್ ಒತ್ತಿದರೂ ಪಂಪ್ ಎಚ್ಚರಾಗಿ ಕ್ಯಾಲಿಪರ್ ಒತ್ತಬಹುದು. ಪ್ಯಾಡ್ ಬದಲಿಸಲು ಬೆರಳು ಒಳಗಿಟ್ಟವನ ಗತಿ ಹೇಳಬೇಕಿಲ್ಲ. ಸ್ಕ್ಯಾನರಿನಲ್ಲಿ ಎಸ್‌ಬಿಸಿ ನಿಷ್ಕ್ರಿಯಗೊಳಿಸದೆ ಚಕ್ರದ ಹತ್ತಿರ ಹೋಗಬೇಡಿ. ಪಂಪಿನೊಳಗೆ ಬಳಕೆಯ ಎಣಿಕೆ ಇರುತ್ತದೆ, ಮಿತಿ ಮುಟ್ಟಿದಾಗ ಸಿ249ಎಫ್ ಕೋಡ್ ಬಂದು ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಕೆಂಪು ಎಚ್ಚರಿಕೆ ಕಾಣುತ್ತದೆ. ಎಣಿಕೆಯನ್ನು ಸೊನ್ನೆ ಮಾಡಿದ ಗುಜರಿ ಪಂಪುಗಳೂ ಮಾರಾಟಕ್ಕೆ ಬರುತ್ತವೆ. ಎಣಿಕೆ ಸೊನ್ನೆಯಾದರೆ ಸವೆದ ಮೋಟರ್ ಹೊಸದಾಗುವುದಿಲ್ಲ. ಇಂಥ ಗಾಡಿ ಬೇಡವೆಂದರೆ ಫೇಸ್‌ಲಿಫ್ಟ್ ಮಾದರಿಯನ್ನೇ ಹುಡುಕಿ.

ಮಳೆಗಾಲಕ್ಕೆ ಮೊದಲು ಬಾನೆಟ್ ಎತ್ತಿ ವೈಪರ್ ಕೆಳಗಿನ ತೊಟ್ಟಿಯ ನೀರಿನ ದಾರಿಗಳನ್ನು ಬಿಡಿಸಿ. ಬೆಂಗಳೂರಿನಲ್ಲಿ ಮಳೆಮರ, ಗುಲ್‌ಮೊಹರ್ ಕೆಳಗೆ ನಿಲ್ಲುವ ಗಾಡಿಯಲ್ಲಿ ಆ ಪುಟ್ಟ ಎಲೆಗಳು ಅಲ್ಲಿಯೇ ಹೋಗಿ ಕೆಸರಾಗುತ್ತವೆ. ಸನ್‌ರೂಫಿನ ಮೂಲೆಗಳ ಕೊಳವೆಗೆ ಗಾಳಿ ಊದುವುದಾದರೆ ಮೆಲ್ಲಗೆ ಊದಿ, ಕಂಪ್ರೆಸರಿನ ಪೂರ್ತಿ ಒತ್ತಡಕ್ಕೆ ಕೊಳವೆ ಒಳಗೇ ಕಳಚಿಕೊಳ್ಳುತ್ತದೆ. ಹಿಂದಿನ ದೀಪದ ಸೀಲಿನಿಂದ ನುಗ್ಗಿದ ನೀರು ಡಿಕ್ಕಿಯ ಗುಂಡಿಗಿಳಿಯುತ್ತದೆ, ಬ್ಯಾಟರಿ ಇರುವುದೂ ಅಲ್ಲೇ. ಕಾರ್ಪೆಟ್ ಎತ್ತಿ ಕೈಯಿಂದ ಮುಟ್ಟಿ ನೋಡಿ.

ಮುಂದಿನ ಚಕ್ರಗಳ ಕಡೆ: 80-100 ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬದಲಿಸಿದರೂ ನಿಂತಿಲ್ಲ ಅಂತ ಬರುವ ಗಾಡಿಗಳಲ್ಲಿ ಮುಂದಿನ ಆರ್ಮಿನ (ಚಕ್ರವನ್ನು ಬಾಡಿಗೆ ಹಿಡಿಯುವ ತೋಳು) ಎಣ್ಣೆ ತುಂಬಿದ ರಬ್ಬರ್ ಬುಷ್ ಒಡೆದಿರುವುದು ಸಾಮಾನ್ಯ. ರಬ್ಬರಿನ ಸುತ್ತ ಕಪ್ಪು ಎಣ್ಣೆಯ ಕಲೆಯಿದ್ದರೆ ಅನುಮಾನವೇ ಬೇಡ. ನಮ್ಮ ಹಂಪುಗಳಿಗೆ ಡೂಪ್ಲಿಕೇಟ್ ಬುಷ್ ತಡೆಯುವುದಿಲ್ಲ, ಲೆಮ್‌ಫೋರ್ಡರ್ ಥರದ ಒಳ್ಳೆಯ ತಯಾರಕರದನ್ನು ಎರಡೂ ಬದಿಗೆ ಜೊತೆಯಾಗಿ ಹಾಕಿ. ಲಿಫ್ಟ್ ಮೇಲೆ ಚಕ್ರ ತೂಗಾಡುತ್ತಿರುವಾಗ ಬುಷ್ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದಾಗ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಬೈಗುಳ ಮಾತ್ರ ಪಾರ್ಟಿಗೆ. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ, ಅದಾದ ಮೇಲೆ ಅಲೈನ್‌ಮೆಂಟ್.