ಕ್ಯಾಂಪರ್ ವ್ಯಾನಿನ ಬೆಳಕಿಂಡಿ ಮಬ್ಬಾದರೆ ಉಜ್ಜುವ ಮೊದಲು ನೀರು ಸುರಿದು ನೋಡಿ

ಚಾವಣಿಯ ಬೆಳಕಿಂಡಿ ಮಂಕಾಯಿತೆಂದರೆ ಹೆಚ್ಚಿನವರ ಕೈ ಹೋಗುವುದು ವಾಟರ್ ಪೇಪರಿಗೆ (ನೀರು ಹಾಕಿ ಉಜ್ಜುವ ಮರಳು ಕಾಗದ), ಇಲ್ಲವೇ ಟೂತ್‌ಪೇಸ್ಟಿಗೆ. ಅದಕ್ಕೂ ಮೊದಲು ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಒದ್ದೆಯಿರುವಾಗ ತಿಳಿಯಾಗಿ ಕಂಡು, ಒಣಗಿದ ಕೂಡಲೇ ಮತ್ತೆ ಬೆಳ್ಳಗಾದರೆ ಕೆಟ್ಟಿರುವುದು ಮೇಲ್ಮೈ ಮಾತ್ರ. ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಂಡದ್ದರಿಂದ ಬೆಳಕು ಚೆದುರದೆ ಒಳಗೆ ಬಂದಿದೆ, ಅಷ್ಟೇ. ಇದು ಉಜ್ಜಿದರೆ ಸರಿಹೋಗುತ್ತದೆ. ಒದ್ದೆಯಾದಾಗಲೂ ಹಳದಿ ಹೋಗದಿದ್ದರೆ ಬಿಸಿಲು ಪ್ಲಾಸ್ಟಿಕ್ಕನ್ನೇ ಕೆಡಿಸಿದೆ ಎಂದರ್ಥ. ಓರೆಯಾಗಿ ನೋಡಿದಾಗ ಜೇಡರ ಬಲೆಯಂತೆ ನವಿರಾದ ಬಿರುಕುಗಳು ಕಂಡು, ಉಗುರು ಎಳೆದರೆ ಎಲ್ಲೂ ತಡೆಯದಿದ್ದರೆ, ಅವು ಒಳಗೇ ಎದ್ದ ಬಿರುಕುಗಳು. ಇಂಥ ಬೆಳಕಿಂಡಿಯನ್ನು ಉಜ್ಜುತ್ತಾ ಕೂರಬೇಡಿ, ಬದಲಾಯಿಸಿ.

ಇನ್ನೊಂದು ಸಂಗತಿ, ಅದು ಯಾವ ಪ್ಲಾಸ್ಟಿಕ್ ಎಂಬುದು. ಅಂಚಿನಲ್ಲೋ ಒಳಮೈಯಲ್ಲೋ ಅಚ್ಚೊತ್ತಿದ ಅಕ್ಷರಗಳಿರುತ್ತವೆ: ಪಿಎಂಎಂಎ ಎಂದಿದ್ದರೆ ಅಕ್ರಿಲಿಕ್, ಪಿಸಿ ಎಂದಿದ್ದರೆ ಪಾಲಿಕಾರ್ಬೊನೇಟ್. ಟೆರೇಸಿನ ಶೀಟುಗಳಂತೆ ಪಾಲಿಕಾರ್ಬೊನೇಟಿನ ಬೆಳಕಿಂಡಿಗೂ ಸಾಮಾನ್ಯವಾಗಿ ಬಿಸಿಲು ತಡೆಯುವ ಒಂದು ತೆಳುಪದರ ಇರುತ್ತದೆ. ಶೀಟುಗಳಲ್ಲಿ ಅದರ ದಪ್ಪ ಸುಮಾರು 50 ಮೈಕ್ರಾನ್. ವಾಟರ್ ಪೇಪರ್ ಆಡಿಸಿದರೆ ಮೊದಲು ಹೋಗುವುದೇ ಆ ಪದರ. ಎರಡು ದಿನ ಹೊಳೆದು, ಮುಂದಿನ ಬೇಸಗೆಯಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಉಜ್ಜಲೇಬೇಕಾದರೆ ಅದರ ಮೇಲೆ ಪಾಲಿಕಾರ್ಬೊನೇಟಿಗೆ ಹೊಂದುವ ಯುವಿ ಕ್ಲಿಯರ್ ಕೋಟ್ ಹೊಡೆಸಬೇಕು. ಅದಕ್ಕೆ ತಯಾರಿಲ್ಲದಿದ್ದರೆ ಬರೀ ತೊಳೆದು ಬಿಡುವುದೇ ಒಳ್ಳೆಯದು.

ತೊಳೆಯುವಾಗ ಒಣ ಬಟ್ಟೆ ಹಾಕಲೇಬೇಡಿ. ಮಲ್ಪೆ, ಪಣಂಬೂರು, ಮರವಂತೆ ಕಡೆ ಗಾಡಿ ನಿಲ್ಲಿಸಿದರೆ ಉಪ್ಪಿನ ಹರಳು, ಒಳದಾರಿ ಹಿಡಿದರೆ ಮುರಕಲ್ಲಿನ ಕೆಂಪು ಧೂಳು ಚಾವಣಿಯ ಮೇಲೆ ಕೂತಿರುತ್ತದೆ. ಬಹಳಷ್ಟು ಗೀರುಗಳು ಬೀಳುವುದು ಇವನ್ನು ಒಣಗಿರುವಾಗಲೇ ಒರೆಸಿದಾಗ. ಮೊದಲು ಧಾರಾಳವಾಗಿ ನೀರು ಬಿಡಿ. ಆಮೇಲೆ 5 ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತದೆ ತೊಳೆಯಿರಿ. ಪಾಚಿ ಅಥವಾ ಹಕ್ಕಿ ಹಿಕ್ಕೆ ಗಟ್ಟಿಯಾಗಿದ್ದರೆ ಸೋಪಿನ ನೀರಿನ ಬಟ್ಟೆಯನ್ನು ಕಾಲು ಗಂಟೆ ಹೊದಿಸಿಡಿ, ತಾನಾಗಿ ಬಿಟ್ಟುಕೊಳ್ಳುತ್ತದೆ. ರಬ್ಬರಿನ ಸಂದಿಗೆ ಹಳೆಯ ಮೆತ್ತನೆಯ ಟೂತ್‌ಬ್ರಷ್ ಸಾಕು. ಹಸಿರು ಸ್ಕ್ರಬ್ಬರ್ ಬೇಡ. ಥಿನ್ನರ್, ಅಸಿಟೋನ್, ಪೆಟ್ರೋಲ್, ಸ್ಪಿರಿಟ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ. ಸ್ಕ್ರೂ ಬಿಗಿತದಿಂದ ಒತ್ತಡದಲ್ಲಿರುವ ಅಕ್ರಿಲಿಕ್ಕಿಗೆ ಇವು ತಾಗಿದರೆ ಮೇಲೆ ಹೇಳಿದ ಬಲೆಬಿರುಕು ಏಳುತ್ತದೆ.

ಅಕ್ರಿಲಿಕ್ ಆಗಿದ್ದು, ನೀರಿನ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಮಾತ್ರ ಮುಂದುವರಿಯಿರಿ. ನೆರಳಲ್ಲಿ, ಪ್ಲಾಸ್ಟಿಕ್ ತಣ್ಣಗಿರುವಾಗ ಕೆಲಸ ಶುರುಮಾಡಿ. ಸುತ್ತಲಿನ ರಬ್ಬರಿಗೂ ಪೇಂಟಿಗೂ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿ. 1000, 1500, 2000, 3000 ನಂಬರಿನ ವಾಟರ್ ಪೇಪರ್ ಬೇಕು; ಗೀರು ಉಗುರಿಗೆ ತಡೆದರೆ 800ರಿಂದ ಹೊರಡಿ. ಹತ್ತು ನಿಮಿಷ ನೀರಲ್ಲಿ ನೆನೆಸಿ, ಸ್ಪಂಜಿನ ತುಂಡಿಗೆ ಸುತ್ತಿ, ನೀರು ಬಿಡುತ್ತಾ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮುಂದಿನ ನಂಬರಿನಲ್ಲಿ ಅಡ್ಡ ದಿಕ್ಕಿಗೆ ಎಳೆಯಿರಿ. ಹಿಂದಿನ ಪೇಪರಿನ ಗೆರೆಗಳೆಲ್ಲ ಮಾಯವಾಗಿ, ಈಗಿನ ಗೆರೆಗಳಷ್ಟೇ ಉಳಿದಾಗ ಆ ಹಂತ ಮುಗಿದಂತೆ. ಕೆಲಸ ಹಾಳಾಗುವುದು ಇಲ್ಲೇ. 1000ದ ಗೆರೆ ಉಳಿದಿದ್ದರೆ 3000 ಅದನ್ನು ತೆಗೆಯುವುದಿಲ್ಲ. ಪಾಲಿಶ್ ಮುಗಿದ ಮೇಲೆ ಬಿಸಿಲಿಗೆ ಎದ್ದು ಕಾಣುತ್ತದೆ. ಪೇಪರ್ ಬದಲಿಸುವಾಗ ಪ್ಲಾಸ್ಟಿಕ್, ಸ್ಪಂಜು, ಕೈ ಎಲ್ಲವನ್ನೂ ತೊಳೆಯಿರಿ. ಒಂದು ಒರಟು ಕಣ ಉಳಿದರೂ ಮತ್ತೆ ಹಿಂದಕ್ಕೆ ಹೋಗಬೇಕು.

3000 ಆದ ಮೇಲೆ ಮೈ ಒಂದೇ ಸಮನಾದ ಹಾಲುಬಣ್ಣಕ್ಕೆ ಬರುತ್ತದೆ, ಗಾಬರಿ ಬೇಡ. ಸಣ್ಣ ಕಾಳಿನ ರಬ್ಬಿಂಗ್ ಕಾಂಪೌಂಡನ್ನು ಫೋಮ್ ಪ್ಯಾಡಿಗೆ ಹಚ್ಚಿ ಬಫಿಂಗ್ ಮಾಡಿ. ಮಷೀನ್ ಕಡಿಮೆ ವೇಗದಲ್ಲಿರಲಿ, ಒಂದೇ ಕಡೆ ನಿಲ್ಲದಿರಲಿ. ಅಕ್ರಿಲಿಕ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ, ತಿಕ್ಕಾಟದ ಬಿಸಿ ಅಲ್ಲಿಗೆ ಬೇಗ ಮುಟ್ಟುತ್ತದೆ. ಕೈಯಿಟ್ಟರೆ ಬೆಚ್ಚಗಿರಬೇಕು, ಸುಡಬಾರದು.

ಗ್ಯಾಸ್ಕೆಟ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಗಾಡಿಗೆ ಹಾಕುವ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಸಡಿಲಾಗುತ್ತದೆ. ಫ್ರೇಮಿನ ಅಡಿಯಲ್ಲಿ ನೀರು ಇಳಿಯುತ್ತಿದ್ದರೆ ಮೇಲಿಂದ ಸಿಲಿಕೋನ್ ಮೆತ್ತಿ ಪ್ರಯೋಜನವಿಲ್ಲ. ಫ್ರೇಮ್ ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು, ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಬೇಕು. ಬೇರೆ ಕಡೆ ಸಿಲಿಕೋನ್ ಬಳಸುವುದಾದರೆ, ವಿನೆಗರ್ ವಾಸನೆಯದು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ಸ್ಕ್ರೂಗಳು ಸ್ಟೇನ್‌ಲೆಸ್ ಆಗಿರಲಿ, ಕಡಲ ಬದಿಗೆ 316 ದರ್ಜೆಯದು ಬಾಳಿಕೆ ಬರುತ್ತದೆ. ಒಂದು ಮೀಟರ್ ಅಕ್ರಿಲಿಕ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಬೇಕು, ಬಿಗಿತ ಹದವಾಗಿರಬೇಕು. ತೂತಿನ ಸುತ್ತ ಬಿರುಕು ಬಿಡುವುದಕ್ಕೆ ಅತಿಯಾಗಿ ಬಿಗಿದದ್ದೇ ಹೆಚ್ಚಾಗಿ ಕಾರಣ.

ಇದೆಲ್ಲ ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ಬರುವ ದಿನ) ಮುಗಿಯಲಿ. ಮಳೆ ಹಿಡಿದರೆ ಬ್ಯೂಟೈಲ್ ಟೇಪ್ ಕೂರಲು ಬೇಕಾದ ಒಣ ಮೈ ಸಿಗುವುದಿಲ್ಲ. ಕೊನೆಗೆ ಕಾಳಿಲ್ಲದ, ಅಕ್ರಿಲಿಕ್ಕಿಗೆ ಆಗುತ್ತದೆಂದು ಬರೆದಿರುವ ವ್ಯಾಕ್ಸ್ ಹಚ್ಚಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಚ್ಚಿ. ಮಳೆಗಾಲದಲ್ಲಿ ಗಾಡಿ ಮನೆಯಲ್ಲೇ ನಿಲ್ಲುವುದಾದರೆ ಟಾರ್ಪಾಲನ್ನು ಬೆಳಕಿಂಡಿಗೆ ತಾಗುವಂತೆ ಬಿಗಿಯಬೇಡಿ. ಗಾಳಿಗೆ ಅದು ಅಲುಗಾಡಿದಂತೆಲ್ಲ ಅಡಿಯಲ್ಲಿ ಸಿಕ್ಕಿದ ಮರಳು ಉಜ್ಜುತ್ತಲೇ ಇರುತ್ತದೆ. ಎರಡು ಬದಿ ಬಿದಿರಿನ ಗಳ ಕೊಟ್ಟು ಒಂದು ಗೇಣು ಮೇಲೆ ಕಟ್ಟಿ.