ಕಿರೀಟದ ಕನ್ನಡಿ ಚೂರುಗಳು ಕೊನೆಗೂ ಕಪ್ಪಾದವು

ಆಯ್ತು ಮಾರಾಯ್ರೆ, ಕೊನೆಗೂ ಆಯ್ತು. ಯಕ್ಷಗಾನದ ಬಡಗುತಿಟ್ಟಿನ (ಬಡಗು ಶೈಲಿಯ) ರಾಜವೇಷದ ಸಿಲೂಯೆಟ್, ಅಂದ್ರೆ ಬೆಳಕಿನ ಎದುರು ಬರೀ ಕಪ್ಪು ಆಕಾರ ಕಾಣೋ ಫೋಟೊ, ಪೂರ್ತಿ ಕ್ಯಾಮೆರಾದಲ್ಲೇ, ಆಮೇಲೆ ಕಂಪ್ಯೂಟರಲ್ಲಿ ಒಂದು ಸ್ಲೈಡರ್ ಕೂಡ ಮುಟ್ಟಿಲ್ಲ. ಕಿರೀಟದ ತುದಿಯಿಂದ ಸೊಂಟದ ಡಾಬಿನ ತನಕ ಇದ್ದಿಲ ಕಪ್ಪು, ಹಿಂದೆ ಅಚ್ಚ ಬಿಳಿ. ಹಿಸ್ಟೋಗ್ರಾಮಲ್ಲಿ (ಫೋಟೊದಲ್ಲಿ ಕಪ್ಪೆಷ್ಟು ಬಿಳಿ ಎಷ್ಟು ತೋರಿಸೋ ನಕ್ಷೆ) ಈ ಕಡೆ ಒಂದು ಗುಡ್ಡ, ಆ ಕಡೆ ಒಂದು ಗುಡ್ಡ, ನಡುವೆ ಬಯಲು. ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿನೇ ಕೂತು ಬರೀತಿದ್ದೀನಿ.

ಸೆಟಪ್ ಸರಳ. ಶಟರ್ 1/200 ಸೆಕೆಂಡ್, ಲೆನ್ಸಿನ ಕಿಂಡಿ ಎಫ್ 8, ಸೆನ್ಸರಿನ ಸೂಕ್ಷ್ಮತೆ ಐಎಸ್ಓ 100, ಫ್ಲ್ಯಾಶ್ ಇಲ್ಲದೆ ಒಂದು ಕ್ಲಿಕ್ ಮಾಡಿ ಫ್ರೇಮ್ ಪೂರ್ತಿ ಕಪ್ಪು ಬಂತಾ ನೋಡ್ಕೊಳ್ಳೋದು, ಆಮೇಲೆ ಬಿಳಿ ಬಟ್ಟೆ ಹಿಂದಿಂದ ಫ್ಲ್ಯಾಶ್ ಕೊಟ್ಟು ಬಟ್ಟೆ ಬಿಳಿ ಆಗೋ ತನಕ ಪವರ್ ಏರಿಸೋದು. ಹಿನ್ನೆಲೆಗೆ ಪಂಚೆ ಕಟ್ಟೋರಿಗೆ ಒಂದು ಮಾತು: ಅಂಚು ಗೆರೆಯಾಗಿ ಕಾಣತ್ತೆ, ಬೆಡ್‌ಶೀಟೇ ವಾಸಿ. ಒಂದೇ ಪದರ ಆದ್ರೆ ಫ್ಲ್ಯಾಶ್ ತಲೆ ಬೆಳ್ಳಗೆ ಉಂಡೆಯಾಗಿ ಕೂತ್ಕೊಳ್ಳತ್ತೆ, ಎರಡು ಪದರ ಹಾಕಿ ಮಧ್ಯೆ ಒಂದು ಗೇಣು ಜಾಗ ಬಿಡಿ.

ಇಷ್ಟೆಲ್ಲಾ ಸಲೀಸು. ತಲೆ ಕೆಡಿಸಿದ್ದು ವೇಷದ ಆಭರಣ. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲಾ ಹಗುರ ಮರದ ಮೇಲೆ ಬೇಗಡೆ (ಮಿಂಚೋ ತೆಳು ಹಾಳೆ) ಅಂಟಿಸಿ ಕನ್ನಡಿ ಚೂರು ಕೂರಿಸಿದ್ದು. ಕರೆಂಟ್ ಇಲ್ಲದ ಕಾಲದಲ್ಲಿ ದೊಂದಿ ಬೆಳಕಲ್ಲಿ ರಾತ್ರಿಯಿಡೀ ಆಟ ಆಗ್ತಿತ್ತಲ್ಲ, ಆ ಚೂರುಪಾರು ಬೆಳಕನ್ನೂ ಹಿಡಿದು ಗದ್ದೆ ಕೊನೇಲಿ ಕೂತವನ ಕಣ್ಣಿಗೂ ಎಸೆಯೋ ಸಾಮಾನು ಇದು. ಅದನ್ನ ಕಪ್ಪು ಮಾಡೋಕೆ ಹೊರಟ್ರೆ ಸುಮ್ನೆ ಬಿಡತ್ತಾ? ವೇಷದ ಹೊರಗೆರೆ ಚಂದ ಬಂದಿದೆ, ಒಳಗೆ ಎದೆ ತುಂಬ ಹಳದಿ ಚುಕ್ಕಿ, ಕಿರೀಟದಲ್ಲಿ ನಕ್ಷತ್ರ.

ವೇಷ ಹಾಕಿದ ಗೆಳೆಯ (ಹವ್ಯಾಸಿ ಕಲಾವಿದ, ತಾಳ್ಮೆಯಲ್ಲಿ ಧರ್ಮರಾಯ) ಎಕ್ಸ್‌ಪೋಷರ್ ಇಳಿಸು ಅಂದ. ಇಳಿಸಿದ್ರೆ ಚುಕ್ಕಿ ಜೊತೆ ಬಟ್ಟೆನೂ ಬೂದಿ ಬಣ್ಣಕ್ಕೆ ಬರತ್ತೆ, ಅವೆರಡರ ನಡುವಿನ ಅಂತರ ಇದ್ದ ಹಾಗೇ ಇರತ್ತೆ. ವಿಷಯ ಇರೋದು ಆ ಅಂತರದಲ್ಲೇ. ಬಟ್ಟೆ ದಾಟಿ ಬಂದ ಬೆಳಕು ಎದುರಿನ ಸುಣ್ಣದ ಗೋಡೆಗೆ, ಸೀಲಿಂಗಿಗೆ ಬಡಿದು ವಾಪಸ್ ಬರತ್ತೆ. ಅಂಗಿ ಸೀರೆ ಆದ್ರೆ ಅದ್ರಲ್ಲಿ ಒಂದಷ್ಟು ನುಂಗಿ ಉಳಿದದ್ದನ್ನ ಎಲ್ಲಾ ಕಡೆ ಚೆಲ್ಲತ್ತೆ, ಲೆನ್ಸಿಗೆ ಸಿಗೋದು ಚಿಟಿಕೆಯಷ್ಟು, ಅದು ಕಪ್ಪಲ್ಲಿ ಮುಳುಗಿ ಹೋಗತ್ತೆ. ಕನ್ನಡಿ ಹಾಗಲ್ಲ, ಗೋಡೆ ಎಷ್ಟು ಬೆಳ್ಳಗಿದ್ಯೋ ಹೆಚ್ಚುಕಮ್ಮಿ ಅಷ್ಟನ್ನೂ ಲೆನ್ಸಿಗೆ ತಲುಪಿಸತ್ತೆ.

ಹಾಗಾಗಿ ಮೊದಲು ಬೆಡ್‌ಶೀಟನ್ನ ಫ್ರೇಮಿಗೆ ಬೇಕಾದಷ್ಟೇ ಬಿಟ್ಟು ಉಳಿದದ್ದಕ್ಕೆ ಕಪ್ಪು ಚಾರ್ಟ್ ಪೇಪರ್ ಮುಚ್ಚಿದೆ. ಅರ್ಧ ಮುಚ್ಚಿದ್ರೆ ಕೋಣೆಗೆ ಬರೋ ಬೆಳಕೂ ಅರ್ಧ, ಒಂದು ಸ್ಟಾಪ್ (ಬೆಳಕು ಅರ್ಧ ಆಗೋದಕ್ಕೆ ನಮ್ಮ ಲೆಕ್ಕ) ಪುಕ್ಕಟೆ ಸಿಕ್ತು. ಅಂಚಿನ ಮಸುಕೂ ಕಮ್ಮಿ ಆಯ್ತು, ಯಾಕಂದ್ರೆ ಫ್ರೇಮಿನ ಹೊರಗಿನ ಬೆಳಕು ಲೆನ್ಸ್ ಒಳಗೆ ಬಿದ್ದು ಕಪ್ಪನ್ನ ತೊಳೆಯೋದು ನಿಲ್ತು. ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಗಾಜು ಕಳಚಿಟ್ಟೆ, ಪಕ್ಕದ ಬೆಳಕು ತಡೆಯೋ ಹುಡ್ ಹಾಕಿದೆ. ಆದ್ರೂ ಚುಕ್ಕಿ ಪೂರ್ತಿ ಸಾಯ್ಲಿಲ್ಲ.

ದಾರಿ ಸಿಕ್ಕಿದ್ದು ಇಲ್ಲಿ, ಇದನ್ನ ನೀವು ಮಾಡಿ ನೋಡ್ಲೇಬೇಕು. ಕೋಣೆ ಪೂರ್ತಿ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನ ಸರಿಯಾಗಿ ಲೆನ್ಸಿನ ಮುಂದೆ ಹಿಡಿದು ವೇಷದ ಕಡೆ ಬಿಡಿ. ಪ್ರತಿ ಕನ್ನಡಿ ಚೂರೂ ಗೋಡೆ ಮೇಲೆ ಒಂದೊಂದು ಬೆಳಕಿನ ಚುಕ್ಕಿ ಬೀಳಿಸತ್ತೆ. ಬೆಳಕು ಹೋದ ದಾರೀಲೇ ವಾಪಸ್ ಬರತ್ತಲ್ವಾ, ಅಂದ್ರೆ ಚುಕ್ಕಿ ಬಿದ್ದ ಜಾಗನೇ ಲೆನ್ಸು ಆ ಚೂರಲ್ಲಿ ಕಾಣ್ತಿರೋದು, ಕಪ್ಪು ಬಟ್ಟೆ ಬೇಕಾಗಿರೋದೂ ಅಲ್ಲಿಗೇ. ನಾನು ಕ್ಯಾಮೆರಾ ಹಿಂದಿನ ಗೋಡೆಯನ್ನೇ ಅನುಮಾನಿಸ್ತಿದ್ದೆ, ನೋಡಿದ್ರೆ ಚುಕ್ಕಿಗಳಲ್ಲಿ ಮುಕ್ಕಾಲು ಪಾಲು ಸೀಲಿಂಗಿನಲ್ಲಿ, ಉಳಿದವು ಎಡಗಡೆ ಬೀರು ಮೇಲೆ!

ಕಪ್ಪು ಬಟ್ಟೆಯದ್ದೇ ಬೇರೆ ಪುರಾಣ. ಆನ್‌ಲೈನಲ್ಲಿ 'ವೆಲ್ವೆಟ್' ಅಂತ ತರಿಸಿದ್ದು ಬಿಚ್ಚಿದ್ರೆ ಮಿರಮಿರ ಮಿಂಚೋ ಸ್ಯಾಟಿನ್, ವಾಪಸ್ ತಗೊಳ್ಳಿ ಅಂದ್ರೆ 'ಬಣ್ಣ ಕಪ್ಪೇ ಇದೆಯಲ್ಲ ಸರ್' ಅನ್ನೋ ಉತ್ತರ. ಬಣ್ಣ ಕಪ್ಪಿದ್ರೆ ಸಾಲದು ಸ್ವಾಮಿ, ನಮಗೆ ಬೇಕಾಗಿರೋದು ಬೆಳಕು ನುಂಗೋ ರೋಮ. ಕೊನೆಗೆ ಉಡುಪಿಯ ಒಂದು ಅಂಗಡೀಲಿ ಮುಟ್ಟಿ ನೋಡಿ, ಟಾರ್ಚ್ ಬಿಟ್ಟು ನೋಡಿ ತಂದೆ, ಅಂಗಡಿಯವರು ಕಳ್ಳನೋಟಿನ ಅಧಿಕಾರಿ ಬಂದ ಅಂದ್ಕೊಂಡಿರ್ಬೇಕು. ಸೀಲಿಂಗಿಗೆ ಹಗ್ಗ ಕಟ್ಟಿ ಅದನ್ನ ಇಳಿಬಿಟ್ಟ ಕೂಡ್ಲೇ ಚುಕ್ಕಿಗಳು ಒಂದೊಂದಾಗಿ ಆರಿದವು. ಕಿರೀಟದ ನಡುವೆ ಒಂದು ಮಾತ್ರ ಉಳೀತು, ಅದು ಬಾಗಿಲಲ್ಲಿ ನಿಂತು ನೋಡ್ತಿದ್ದ ಪಕ್ಕದ ಮನೆ ಹುಡುಗನ ಬಿಳಿ ಬನಿಯನ್. ಅವನಿಗೆ ನನ್ನ ಕಪ್ಪು ಜಾಕೆಟ್ ಹಾಕಿ ನಿಲ್ಲಿಸಿದ್ವಿ.

ಭಂಗಿ ಬಗ್ಗೆ ಒಂದೇ ಮಾತು. ಮುಖ ಪೂರ್ತಿ ಪಕ್ಕಕ್ಕೆ ತಿರುಗ್ಲಿ, ಮೂಗು ತುಟಿ ಬೇರೆ ಬೇರೆ ಕಾಣ್ಬೇಕು, ಅರ್ಧ ತಿರುಗಿದ್ರೆ ಕಪ್ಪಲ್ಲಿ ಮುಖನೇ ಇರಲ್ಲ. ಕೈ ಮೈಗೆ ಅಂಟದೆ ದೂರ ಇರ್ಲಿ, ಬೆರಳ ಸಂದಿಯಲ್ಲಿ ಬಿಳಿ ಕಂಡ್ರೇನೇ ಅದು ಮುದ್ರೆ.

ಈಗ ತಲೇಲಿ ಉಡುಪಿ ಹತ್ತಿರದ ಕಾಪು ದೀಪಸ್ತಂಭ ಕೂತಿದೆ. 1901ರದ್ದು, ಸಮುದ್ರದ ಅಂಚಲ್ಲೇ ಬಂಡೆ ಮೇಲಿದೆ, ಅದರ ಕೆಳಗಿನ ಬಂಡೇಲಿ ಇದೇ ವೇಷ ನಿಲ್ಲಿಸಿ ಹಿಂದೆ ಮುಳುಗೋ ಸೂರ್ಯ. ಸೂರ್ಯನ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿ, ಹಾಗಾಗಿ ಯಾವುದೇ ವಸ್ತು ಸೂರ್ಯನಷ್ಟೇ ಎತ್ತರ ಕಾಣ್ಬೇಕಾದ್ರೆ ಅದರ ಎತ್ತರದ ಸುಮಾರು 110 ಪಟ್ಟು ದೂರ ಹೋಗ್ಬೇಕು. ಕಿರೀಟ ಸೇರಿ 2 ಮೀಟರ್ ಅಂದ್ರೆ 220 ಮೀಟರ್. 400 ಎಂಎಂ ಲೆನ್ಸಲ್ಲಿ ಸೂರ್ಯ ಸೆನ್ಸರ್ ಮೇಲೆ ಮೂರೂವರೆ ಮಿಲಿಮೀಟರ್ ಚಿಲ್ಲರೆ, ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕದು) ಎತ್ತರದ ಕಾಲುಭಾಗದ ಹತ್ತಿರ, ಸಾಕು. ಡಿಸೆಂಬರಲ್ಲಿ ನಮ್ಮ ಕಡೆ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗತ್ತೆ, ಅಂದ್ರೆ ನಾನು ಬಂಡೆಯಿಂದ ಈಶಾನ್ಯದ ಕಡೆ ಮರಳಲ್ಲಿ ಜಾಗ ಹುಡುಕ್ಬೇಕು. ತನ್ನ ಅಗಲದಷ್ಟು ಸರಿಯೋಕೆ ಸೂರ್ಯನಿಗೆ ಎರಡೇ ನಿಮಿಷ, ಅಷ್ಟರಲ್ಲಿ 220 ಮೀಟರ್ ಆಚೆ ಇರೋ ಗೆಳೆಯನಿಗೆ 'ಎಡಕ್ಕೆ ಒಂದು ಹೆಜ್ಜೆ' ಅಂತ ಕೇಳಿಸ್ಬೇಕು, ಅಲೆ ಸದ್ದಲ್ಲಿ. ವಾಕಿಟಾಕಿ ಯಾರತ್ರ ಇದೆ ಹೇಳಿ. ಮತ್ತೆ ಇಷ್ಟು ಉದ್ದದ ಟೆಲಿ ಲೆನ್ಸ್ ಹಾಕಿ ಸೂರ್ಯನ ಕಡೆ ಆಪ್ಟಿಕಲ್ ವ್ಯೂಫೈಂಡರಲ್ಲಿ ಕಣ್ಣಿಡ್ಬೇಡಿ, ಸ್ಕ್ರೀನಲ್ಲೇ ನೋಡಿ.