ವಾಚ್ ನೋಡುವ ಮೊದಲು ತೂಕ ಕೇಳುತ್ತೇನೆ

ದಾವಣಗೆರೆಯ ಒಂದು ಜಿಮ್‌ನಲ್ಲಿ ನಾನು ಟ್ರೇನರ್. ಬೆಳಗ್ಗೆ ಕುಂದುವಾಡ ಕೆರೆ ಹತ್ತಿರ ಓಡಿ ಬಂದವರು ಕೈ ಚಾಚಿ ವಾಚ್ ತೋರಿಸುತ್ತಾರೆ. "ಸರ್, ಎಷ್ಟು ಕ್ಯಾಲೊರಿ ಆಗಿದೆ ನೋಡ್ರಿ!" ನಾನು ಮೊದಲು ಕೇಳುವುದು ಎರಡೇ: ತೂಕ ಎಷ್ಟು, ಎಷ್ಟು ಕಿಲೋಮೀಟರ್ ಓಡಿದಿರಿ? ಎರಡನ್ನೂ ಗುಣಿಸಿದರೆ ಆಯಿತು. 70 ಕೆಜಿಯವರು 5 ಕಿಲೋಮೀಟರ್ ಓಡಿದರೆ ಸುಮಾರು 350. ವಾಚ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಮುಖ ಸಣ್ಣದಾಗುತ್ತದೆ. ಜನಕ್ಕೆ ದೊಡ್ಡ ಸಂಖ್ಯೆ ಬೇಕು, ಸಣ್ಣದನ್ನು ಹೇಳುವುದು ನನ್ನ ಕೆಲಸ.

ಈ ಗುಣಾಕಾರ ಸುಮ್ನೆ ಹುಟ್ಟಿದ್ದಲ್ಲ. ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಓಡಲು ದೇಹದ ಪ್ರತಿ ಕೆಜಿಗೆ ಸುಮಾರು 0.2 ಮಿಲಿಲೀಟರ್ ಆಮ್ಲಜನಕ ಬೇಕು. ಕಿಲೋಮೀಟರಿಗೆ 200 ಮಿಲಿಲೀಟರ್. ಒಂದು ಲೀಟರ್ ಆಮ್ಲಜನಕ ಖರ್ಚಾದರೆ ಹತ್ತಿರ ಹತ್ತಿರ 5 ಕ್ಯಾಲೊರಿ. ಅಲ್ಲಿಗೆ ಕೆಜಿಗೆ, ಕಿಲೋಮೀಟರಿಗೆ ಒಂದು ಕ್ಯಾಲೊರಿ ಬಂತಲ್ವಾ? ಇಟಲಿಯ ಮಾರ್ಗರಿಯಾ ಮತ್ತು ಸಂಗಡಿಗರು 1963ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸ್ಪೀಡು ಬದಲಾದರೂ ಒಂದು ಕಿಲೋಮೀಟರಿನ ಖರ್ಚು ಹೆಚ್ಚುಕಡಿಮೆ ಅಷ್ಟೇ.

ಇದನ್ನು ಜೋರಾಗಿ ಓಡುವವರು ಒಪ್ಪುವುದಿಲ್ಲ. ಇಬ್ಬರು ಗೆಳೆಯರು ಇದ್ದಾರೆ ಅಂದುಕೊಳ್ಳಿ, ಇಬ್ಬರೂ 70 ಕೆಜಿ. ಒಬ್ಬ 5 ಕಿಲೋಮೀಟರನ್ನು 30 ನಿಮಿಷದಲ್ಲಿ ಮುಗಿಸುತ್ತಾನೆ, ಇನ್ನೊಬ್ಬ 45ರಲ್ಲಿ. ಒಟ್ಟು ಲೆಕ್ಕದಲ್ಲಿ ನಿಧಾನದವನದ್ದೇ ಜಾಸ್ತಿ ಬರುತ್ತದೆ! ಸುಮ್ಮನೆ ಕೂತರೂ ದೇಹ ಗಂಟೆಗೆ ಕೆಜಿಗೆ ಒಂದು ಕ್ಯಾಲೊರಿಯಷ್ಟು ಉರಿಸುತ್ತಲೇ ಇರುತ್ತದೆ. ಒಟ್ಟು ಲೆಕ್ಕದಲ್ಲಿ ಅದೂ ಸೇರುತ್ತದೆ. 15 ನಿಮಿಷ ಜಾಸ್ತಿ ಓಡಿದ್ದಕ್ಕೆ ಹದಿನೇಳೋ ಹದಿನೆಂಟೋ ಕ್ಯಾಲೊರಿ. ಅದು ಮನೆಯಲ್ಲಿ ಕೂತಿದ್ದರೂ ಆಗುತ್ತಿತ್ತು. ದಿನದ ಊಟದ ಲೆಕ್ಕ ಇಡುವವರು ಈ ಒಟ್ಟನ್ನೇ ತೆಗೆದುಕೊಂಡರೆ ಅಷ್ಟು ಭಾಗ ಎರಡು ಸಲ ಸೇರಿಬಿಡುತ್ತದೆ. ಹಲವು ವಾಚ್‌ಗಳಲ್ಲಿ 'ಆಕ್ಟಿವ್' ಮತ್ತು 'ಟೋಟಲ್' ಅಂತ ಬೇರೆ ಬೇರೆ ಇರುತ್ತದೆ. ಮೊದಲನೆಯದನ್ನು ನೋಡಿ.

ವಾಚ್ ಬೇಡ ಅಂತಲ್ಲ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಏಳು ಬಗೆಯ ಬ್ಯಾಂಡ್‌ಗಳನ್ನು ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ, ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದೇ ಓಟಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಎದೆಬಡಿತ ನೋಡಿ ಲೆಕ್ಕ ಹಾಕುವ ವಾಚ್‌ಗೆ ಸೆಕೆ ಯಾವುದು, ದುಡಿಮೆ ಯಾವುದು ಎಂದು ಗೊತ್ತಾಗುವುದಿಲ್ಲ. ಓಡಿ ಬಂದು ಕಾಟಾ ಮೇಲೆ ನಿಂತು ಅರ್ಧ ಕೆಜಿ ಇಳಿದೆ ಅನ್ನುವವರಿಗೆ ನೀರಿನ ಬಾಟಲಿ ಕೊಡುತ್ತೇನೆ.

ಟ್ರೆಡ್‌ಮಿಲ್‌ನಲ್ಲಿ ತೂಕ ಹಾಕದಿದ್ದರೆ ಅದು ತನಗೆ ತೋಚಿದ ತೂಕ ಹಿಡಿದುಕೊಳ್ಳುತ್ತದೆ. ಅದರ ಪಕ್ಕದ ಕಂಬಿ ಹಿಡಿದು, ಭಾರ ಅದರ ಮೇಲೆ ಹಾಕಿ ಓಡುವವರ ಬಗ್ಗೆ ಏನು ಹೇಳಲಿ!

ನನ್ನ ಗುಣಾಕಾರ ಏರಿನಲ್ಲಿ ಸಾಲುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಓಡಲು ಹೋಗುವವರಿಗೆ ಇದನ್ನು ಹೇಳಿಯೇ ಕಳಿಸುತ್ತೇನೆ. 100 ಮೀಟರಿಗೆ 5 ಮೀಟರ್ ಏರಿದರೂ ಖರ್ಚು ಶೇ 22ರಷ್ಟು ಹೆಚ್ಚುತ್ತದೆ. ನಡಿಗೆಗೂ ಈ ಲೆಕ್ಕ ಹೊಂದುವುದಿಲ್ಲ. ಸಾಧಾರಣ ನಡಿಗೆಯಲ್ಲಿ ಅದೇ ದೂರಕ್ಕೆ ಹತ್ತಿರ ಹತ್ತಿರ ಅರ್ಧ ಸಾಕು.

ಓಟ ಮುಗಿಸಿ ನೇರ ಬೆಣ್ಣೆ ದೋಸೆಗೆ ಹೋಗುವವರನ್ನು ನಾನು ತಡೆಯುವುದಿಲ್ಲ, ಈ ಊರಲ್ಲಿ ಅದು ಆಗದ ಮಾತು. 50 ಗ್ರಾಂ ಬೆಣ್ಣೆ ಅಂದರೆ ಸುಮಾರು 360 ಕ್ಯಾಲೊರಿ ಅಂತ ಮಾತ್ರ ಹೇಳುತ್ತೇನೆ. ಐದು ಕಿಲೋಮೀಟರ್ ಅಲ್ಲೇ ಮುಗಿಯಿತು, ದೋಸೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕೆಲವು ತಿಂಗಳಾದ ಮೇಲೆ ಬರುವ ದೂರು ಬೇರೆ. "ಅದೇ 5 ಕಿಲೋಮೀಟರ್ ಓಡ್ತೀನಿ ಸರ್, ಕ್ಯಾಲೊರಿ ಕಮ್ಮಿ ಬರ್ತಿದೆ." 70 ಇದ್ದವರು 64ಕ್ಕೆ ಇಳಿದಿರುತ್ತಾರೆ, ಹಾಗಾಗಿ 350 ಈಗ 320 ಆಗಿರುತ್ತದೆ. ಆ್ಯಪ್‌ನಲ್ಲಿ ತೂಕ ಬದಲಿಸದೇ ಇರುವವರು ಈ ದೂರು ತರುವುದೇ ಇಲ್ಲ. ಅವರಿಗೆ ಇನ್ನೂ 350ರ ಖುಷಿ.